ಕುಮಟೆಯ ಹಡಗು, ಶನಿವಾರ ಪೇಟೆಯ ರುಮಾಲು

ಪುಣೆಯಲ್ಲಿ ಸಮುದ್ರವಿಲ್ಲ. ಪುಣೆಯವರು ಇದನ್ನು ಕೊರತೆಯೆಂದು ಒಪ್ಪುವುದಿಲ್ಲ. ಬೇಕಾಗಿರಲಿಲ್ಲ, ಆದ್ದರಿಂದ ಇಟ್ಟುಕೊಳ್ಳಲಿಲ್ಲ ಎನ್ನುತ್ತಾರೆ. ಆದರೆ ಸಮುದ್ರದ ಕಾಗದಪತ್ರಗಳು ಮಾತ್ರ ಇಲ್ಲಿ ಬೇಕಾದಷ್ಟಿವೆ. ಉಪ್ಪುಗಾಳಿಗೆ ಹೆದರಿ ಘಟ್ಟ ಹತ್ತಿ ಬಂದವು ಇರಬೇಕು. ಅವುಗಳಲ್ಲಿ ಒಂದಿಷ್ಟು ಶನಿವಾರ ಪೇಟೆಯ ಒಂದು ಹಳೆಯ ವಾಡೆಯ ಮೊದಲ ಮಹಡಿಯಲ್ಲಿ, ನನ್ನ ಗೆಳೆಯ ಸಿದ್ರಾಮಪ್ಪನ ಮನೆಯ ನಡುಕೋಣೆಯಲ್ಲಿ, ಗೋಡೆಯುದ್ದಕ್ಕೂ ಕಪಾಟುಗಳಲ್ಲಿ ಕುಳಿತಿದ್ದವು.

ಸಿದ್ರಾಮಪ್ಪನ ಮುತ್ತಜ್ಜ ರಾಮಲಿಂಗಪ್ಪ ಧಾರವಾಡ ಸೀಮೆಯ ಹತ್ತಿ ವ್ಯಾಪಾರಿ. ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಾಯಿಕಟ್ಟಿದ ಪತ್ತೇಮಾರಿಗಳಲ್ಲಿ ಮುಂಬೈಗೆ. ಬರುವಾಗ ಅದೇ ಹಡಗುಗಳಲ್ಲಿ ಖರ್ಜೂರ, ಕಬ್ಬಿಣ, ಒಮ್ಮೊಮ್ಮೆ ಯಾವನೋ ಸೋದರಳಿಯ ಬರುವುದಿತ್ತು. ಹಡಗು ನಡೆಸುವ ತಾಂಡೇಲರು ಪ್ರತಿ ಬಂದರಿನಿಂದಲೂ ಯಾರಿಂದಲೋ ಬರೆಸಿ ಕಾಗದ ಕಳಿಸುತ್ತಿದ್ದರು. ರೈಲು ಬಂದ ಮೇಲೆ ಹಡಗು ಹೋಯಿತು, ಆಮೇಲೆ ಹತ್ತಿಯೂ ಹೋಯಿತು, ಮನೆತನ ಪುಣೆಗೆ ಬಂತು. ಉಳಿದದ್ದು ಕಾಗದ.

ಪುಣೆಯ ದಫ್ತರುಗಳಲ್ಲಿ ಕಾಗದ ಇಡುವ ಒಂದು ಪದ್ಧತಿಯಿದೆ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಚೌಕಾಕಾರದ ಕೆಂಪು ಬಟ್ಟೆಯಲ್ಲಿ ಕಟ್ಟುತ್ತಾರೆ. ಆ ಬಟ್ಟೆಗೂ ರುಮಾಲೆನ್ನುತ್ತಾರೆ, ಕಟ್ಟಿದ ಗಂಟಿಗೂ ರುಮಾಲೆನ್ನುತ್ತಾರೆ. ರಾಮಲಿಂಗಪ್ಪ ಒಂದು ಹಡಗಿಗೆ ಒಂದು ರುಮಾಲು ಎಂದು ಕಟ್ಟಿಸಿದ್ದ. ಯಾವ ಹಡಗು, ಯಾವ ವರ್ಷಗಳು ಎಂಬುದನ್ನು ಬಟ್ಟೆಯ ಮೂಲೆಗೆ ಹೊಲಿದ ಬಿಳಿ ಪಟ್ಟಿಯ ಮೇಲೆ ಮಸಿಯಲ್ಲಿ ಬರೆದಿತ್ತು. ಕಾಗದಗಳ ಮೇಲೆ ಏನೂ ಇರಲಿಲ್ಲ.

ಇರಲಿಲ್ಲ ಎಂದರೆ, ಇರಗೊಡಲಿಲ್ಲ. ಸಿದ್ರಾಮಪ್ಪ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತನಾದವನು. ಅಲ್ಲಿ ಒಂದೊಂದು ಪೀಪಾಯಿಗೆ ಮೂರು ಮೂರು ಚೀಟಿ ಅಂಟಿಸದೆ ಮನೆಗೆ ಬಂದವನಲ್ಲ. ಆದರೆ ಮುತ್ತಜ್ಜನ ಕಾಗದಕ್ಕೆ ಪೆನ್ಸಿಲಿನಿಂದ ಒಂದು ಅಂಕಿ ಹಾಕು ಎಂದರೆ, ದೇವರ ಮೂರ್ತಿಗೆ ಮೀಸೆ ಬರೆಯಲು ಹೇಳಿದವರನ್ನು ನೋಡುವಂತೆ ನೋಡುತ್ತಿದ್ದ. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಸಿಂಧು, ಹಿಂಜವಡಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ, ಒಮ್ಮೆ ಕೇಳಿದ್ದಳು: “ಅಂಕಲ್, ಫೋನಲ್ಲಿ ಫೋಟೋ ಆದ್ರೂ ತೆಗ್ದಿಡ್ಲಾ?”

“ಬೆಳಕು ಬಿದ್ರ ಮಸಿ ಹಾರತದವ್ವಾ.”

“ಫ್ಲ್ಯಾಶ್ ಹಾಕಲ್ಲ ಅಂಕಲ್.”

“ಫೋನ್ ನೋಡಿದ್ರೂ ಹಾರತದ.”

ಅಲ್ಲಿಗೆ ಆ ವಿಚಾರ ಮುಗಿದಿತ್ತು.

ಈ ಮೇ ತಿಂಗಳಲ್ಲಿ ವಾಡೆಯ ಮಾಲೀಕ ಬಿಲ್ಡರನಿಗೆ ಸಹಿ ಹಾಕಿಕೊಟ್ಟ. ಮಳೆಗಾಲ ಮುಗಿಯುವುದರೊಳಗೆ ಎಲ್ಲರೂ ಬಿಡಬೇಕು. ಸಿದ್ರಾಮಪ್ಪನಿಗೆ ಕಾತ್ರಜದ ಕಡೆ ಎರಡು ಕೋಣೆಯ ಫ್ಲಾಟು ಸಿಕ್ಕಿತು. ಅದರಲ್ಲಿ ಗಂಡಹೆಂಡತಿ ಹಿಡಿಯಬಹುದು, ಒಂದು ನೌಕಾದಳ ಹಿಡಿಯುವುದಿಲ್ಲ. ಅವನು ಊರಿನ ಸಂಸ್ಥೆಗಳಿಗೆಲ್ಲ ಪತ್ರ ಬರೆದ. ಡೆಕ್ಕನ್ ಬಡಾವಣೆಯಾಚೆಯ ಒಂದು ಸಂಶೋಧನ ಸಂಸ್ಥೆಯಿಂದ ಮಾತ್ರ ಫೋನು ಬಂತು. ಮಾತಾಡಿದ್ದು ಅಲ್ಲಿನ ದಫ್ತರಿನ ಅಧಿಕಾರಿ ಮಂಜರಿ. ಬೆಳಗಾವಿಯವಳು, ಸ್ಪಷ್ಟ ಮಾತಿನವಳು.

“ಸೋಮವಾರ ಬಂದು ನೋಡತೀನ್ರಿ. ನಮ್ಮಲ್ಲಿ ಥಂಡಿ ಕೋಣೆ ಅದ, ಜಾಗಾ ಅದ. ಆದ್ರ ಒಂದ್ ಮಾತು. ಯಾವ ಕಾಗದದ ಹಿಂದ ಯಾವ ಕಾಗದ ಇತ್ತೋ, ಆ ಮೂಲ ಕ್ರಮ ಹಂಗ ಇರಬೇಕು. ಕಲಸಿ ಹೋಗಿದ್ದರ ನಮ್ಮ ಸಮಿತಿ ತೊಗೊಳ್ಳೂದಿಲ್ಲ. ಹಿಂದ ಬಿಡಿ ಕಾಗದ ತೊಗೊಂಡು ಸಾಕಾಗಿ ಹೋಗೇದ.”

“ಕ್ರಮ?” ಎಂದು ಸಿದ್ರಾಮಪ್ಪ ನಕ್ಕ. “ಬಾಯಾರ, ನಮ್ಮ ಮುತ್ತಜ್ಜ ಕಟ್ಟಿದ ಮ್ಯಾಲೆ ಒಂದು ಹಾಳಿನೂ ಅಳ್ಳಾಡಿಲ್ಲ.”

ಆ ಮಾತು ಅವನು ಹೇಳಿದ ದಿನ ಪೂರ್ತಿ ನಿಜವಾಗಿತ್ತು.

ಶುಕ್ರವಾರ ಅವನು ಶಿರೂರಿಗೆ ಒಂದು ಮದುವೆಗೆ ಹೋದ. ಅವನ ಹೆಂಡತಿ ಅನ್ನಪೂರ್ಣಕ್ಕ ಮೊಣಕಾಲು ನೋವೆಂದು ಮನೆಯಲ್ಲಿ ಉಳಿದರು. ಹಾಗೆ ಉಳಿದವರು ಕಪಾಟುಗಳ ಮುಂದೆ ನಿಂತು, ಸೋಮವಾರ ಬರುವವರ ಕಣ್ಣಿನಿಂದ ಒಮ್ಮೆ ನೋಡಿದರು. ತಲೆಮಾರುಗಳ ಧೂಳು, ಎಣ್ಣೆಗೈ, ಹಲ್ಲಿ ಹಿಕ್ಕೆ. ಅವರಿಗೆ ತಡೆಯಲಾಗಲಿಲ್ಲ.

“ಕನ್ಯಾ ನೋಡಾಕ ಬರೋರ ಮುಂದ ಹೊಲಸು ಸೀರಿ ಉಡಿಸಿ ಕೂಡಸ್ತಾರೇನ್ರಿ?” ಎಂದು ಆಮೇಲೆ ನನ್ನನ್ನೇ ಕೇಳಿದರು.

ಕೆಲಸವನ್ನು ಅವರು ಅಡ್ಡಾದಿಡ್ಡಿ ಮಾಡಲಿಲ್ಲ. ಒಂದೊಂದು ರುಮಾಲನ್ನೂ ಬಿಚ್ಚಿ, ಹಾಳೆಗಳನ್ನು ಇದ್ದ ಹಾಗೆಯೇ ಎತ್ತಿ, ನೆಲದ ಮೇಲೆ ಹಾಸಿದ ಸೀರೆಗಳ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಮೇಲೆ ಒಂದೊಂದು ಹಿತ್ತಾಳೆಯ ವಾಟಿ ಬಟ್ಟಲು ಬೋರಲು ಹಾಕಿದ್ದರು. ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದರು. ನೀರು ಕೆಂಪಾಯಿತು, ಅದರಲ್ಲಿ ಸ್ವಲ್ಪ ನೀಲಿಯೂ ಬಂತು. ಬಣ್ಣ ಬಿಡುತ್ತಿದೆ ಎಂದು ಒಂದು ಹಿಡಿ ಉಪ್ಪು ಹಾಕಿದರು. ಕಡಲಿನ ದಫ್ತರು ಉಪ್ಪುನೀರು ಕಂಡದ್ದು ಬಹುಶಃ ಅದೇ ಮೊದಲು. ಕೆಳಮನೆಯ ಮರಾಠಿ ನೆರೆಯವರು ಇಂದೂ ವಹಿನಿ ಹಿಂಡಲು ಬಂದರು. ಇಬ್ಬರೂ ಸೇರಿ ಮಾಳಿಗೆಯ ಗಚ್ಚಿಯ ಮೇಲೆ ಹಗ್ಗ ಕಟ್ಟಿ ಒಣಹಾಕಿದರು. ಕಾಗದಗಳಿಗೂ ಒಂದಿಷ್ಟು ಗಾಳಿಯಾಡಲಿ ಎಂದು ನಡುಕೋಣೆಯ ಕಿಟಕಿಗಳನ್ನು ತೆರೆದಿಟ್ಟರು.

ಮಧ್ಯಾಹ್ನ ಮುಗಿಲು ಕಪ್ಪಿಟ್ಟಿತು. ಪುಣೆಯ ಮುಂಗಾರುಪೂರ್ವ ಮಳೆ ಬಾಗಿಲು ತಟ್ಟಿ ಬರುವ ಜಾತಿಯದಲ್ಲ. ಮೊದಲು ಗಾಳಿಯನ್ನು ಒಳಗೆ ನುಗ್ಗಿಸಿ ಆಮೇಲೆ ತಾನು ಬರುತ್ತದೆ. ಇಂದೂ ವಹಿನಿ “ಅಗ ಬಾಯೀ, ಕಪಡೇ!” ಎಂದು ಕೂಗಿದರು. ಹಗ್ಗದ ಮೇಲೆ ಬಟ್ಟೆಯಿದ್ದಾಗ ಮಳೆ ಬಂದರೆ ಹೆಂಗಸರಿಗೆ ಬೇರೆ ಯೋಚನೆ ಬರುವುದಿಲ್ಲ. ಇಬ್ಬರೂ ಗಚ್ಚಿಗೆ ಓಡಿದರು. ಮೊಣಕಾಲು ನೋವು ಕೂಡ ಓಡಿತು. ಬಟ್ಟೆಗಳೆಲ್ಲ ಉಳಿದವು. ಒಂದಕ್ಕೂ ಹನಿ ತಾಗಲಿಲ್ಲ.

ನಾನು ಹೋದದ್ದು ಆಗ, ಮಳೆಗೆ ಆಸರೆಯೆಂದು. ನಡುಕೋಣೆಯ ಬಾಗಿಲಲ್ಲಿ ಅನ್ನಪೂರ್ಣಕ್ಕ ತೋಳಿನ ತುಂಬ ಕೆಂಪು ಬಟ್ಟೆ ಹೊತ್ತು ನಿಂತಿದ್ದರು. ಒಳಗೆ ಹಿತ್ತಾಳೆ ವಾಟಿಗಳು ಮೂಲೆಮೂಲೆಗೆ ಉರುಳಿದ್ದವು. ಕಾಗದ ನೆಲದ ಮೇಲೆ, ಮಂಚದ ಮೇಲೆ, ಕಪಾಟಿನ ತುದಿಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೂ ಒಂದು. ಕುಮಟೆ, ಹೊನ್ನಾವರ, ರತ್ನಾಗಿರಿ, ಮುಂಬೈ ಎಲ್ಲ ಒಂದೇ ಬಂದರಾಗಿದ್ದವು.

“ಆರಿಸಿ ಕಟ್ಟಿದ್ರಾತು ಬಿಡ್ರಿ, ಅಕ್ಕಾರ,” ಎಂದೆ.

ಅವರು ಒಂದು ರುಮಾಲಿನ ಮೂಲೆ ಬಿಡಿಸಿ ತೋರಿಸಿದರು. ಬಿಳಿ ಪಟ್ಟಿ ಗುಲಾಬಿಯಾಗಿತ್ತು. ಅದರ ಮೇಲೆ ಏನೂ ಇರಲಿಲ್ಲ.

ಸಿದ್ರಾಮಪ್ಪ ಸಂಜೆ ಮದುವೆಯ ಲಾಡು ಹಿಡಿದುಕೊಂಡು ಬಂದ. ಕೂಗಾಡುತ್ತಾನೆ ಎಂದು ನಾನು ಕಾದೆ. ಕೂಗಾಡಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಅವನು ಲಾಡಿನ ಪೊಟ್ಟಣವನ್ನು ಖಾಲಿ ಕಪಾಟಿನಲ್ಲಿಟ್ಟ, ಜೋಪಾನವಾಗಿ, ರುಮಾಲು ಇಡುವ ಹಾಗೆ. “ಸೋಮವಾರ ಬರಬ್ಯಾಡ್ರಿ ಅಂತ ಫೋನ್ ಮಾಡ್ತೀನಿ,” ಎಂದ.

“ನಾನ ಮಾಡ್ತೀನಿ. ತೊಳದಾಕಿ ನಾನು,” ಎಂದರು ಅನ್ನಪೂರ್ಣಕ್ಕ.

“ನೀ ಮಾಡೂದೆಲ್ಲಾ ಮಾಡಿ ಆತಲ್ಲ.”

ಇದಾದ ಮೇಲೆ ಗಂಡಹೆಂಡತಿ ನನ್ನ ಮುಖಾಂತರ ಮಾತಾಡತೊಡಗಿದರು. “ಅವ್ವಣ್ಣಾ, ಊಟಾ ಬ್ಯಾಡಂತ ಹೇಳು.” “ಅವ್ವಣ್ಣಾರ, ಬಿಸಿ ಭಾಕ್ರಿ ಅದ ಅಂತ ಹೇಳ್ರಿ.” ಭಾಕ್ರಿ ಕೊನೆಗೆ ನನ್ನ ತಾಟಿಗೆ ಬಂತು. ಮಧ್ಯಸ್ಥಿಕೆಯ ಲಾಭ ಇಷ್ಟೇ.

ಶನಿವಾರ ಬೆಳಿಗ್ಗೆ ಸಿಂಧು ಇಳಿದು ಬಂದಳು. ಅವಳ ಹಿಂದೆ ಅವಳ ಆಫೀಸಿನ ಅಶ್ವಿನ್ ಎಂಬ ಎತ್ತರದ ಹುಡುಗ. ಫ್ಯಾನಿನ ಮೇಲಿನ ಕಾಗದ ತೆಗೆಯಲು ಅವನಿಗೆ ಸ್ಟೂಲು ಬೇಕಾಗಲಿಲ್ಲ. ಸೋಮವಾರದ ಫೋನು ಇನ್ನೂ ಹೋಗಿರಲಿಲ್ಲ.

“ಡೇಟ್ ನೋಡಿ ಸಾರ್ಟ್ ಮಾಡ್ಬಹುದಲ್ವಾ ಅಂಕಲ್?”

“ತಿಥಿ ಅದ ಅಷ್ಟ, ವರ್ಷ ಇಲ್ಲವ್ವಾ. ಮಾಘ ಶುದ್ಧ ಪಂಚಮಿ ವರ್ಷಾ ಬರತದ. ಯಾವ ವರ್ಷ ಅನ್ನೂದು ರುಮಾಲಿನ ಮ್ಯಾಲಿತ್ತು.”

“ಶಿಪ್ ಹೆಸ್ರು?”

“ಹಡಗದಾಗ ಕುಂತಾವ ನಮ್ಮ ಹಡಗ ಅಂತ ಬರಸ್ತಾನ. ನೀ ಮನಿಗೆ ಫೋನ್ ಮಾಡಿದಾಗ ನಿಮ್ಮಪ್ಪನ ಹೆಸರು ಹೇಳ್ತೀಯೇನು? ಹೇಳಿದ್ರೂ ಏನುಪಯೋಗ? ಲಕ್ಷ್ಮೀಪ್ರಸಾದ, ಲಕ್ಷ್ಮೀವಿಲಾಸ, ಧನಲಕ್ಷ್ಮೀ, ಭಾಗ್ಯಲಕ್ಷ್ಮೀ. ಸಮುದ್ರದಾಗ ಹೋಗೋರೆಲ್ಲಾ ಒಬ್ಬಾಕಿನ್ನ ನಂಬ್ಯಾರ.”

ಬರಹ ನೋಡಿದರೂ ಉಪಯೋಗವಿಲ್ಲ. ಪ್ರತಿ ಬಂದರಿನಲ್ಲೂ ಒಬ್ಬನೇ ಲೇಖಕ ಎಲ್ಲ ಹಡಗಿನವರಿಗೂ ಬರೆದುಕೊಡುತ್ತಿದ್ದ. ಅರ್ಧ ಮೋಡಿ ಲಿಪಿಯ ಮರಾಠಿ, ಅರ್ಧ ಕನ್ನಡ. ನಾನೊಂದು ಹಾಳೆ ಎತ್ತಿ ಓದಿದೆ. ಯಾವನೋ ತಾಂಡೇಲ ರತ್ನಾಗಿರಿಯಿಂದ ಬರೆಸಿದ್ದು: ಗಾಳಿ ಎದುರಾಗಿ ನಿಲ್ಲಬೇಕಾಯಿತು, ಹತ್ತಿ ಒಣಗಿಯೇ ಇದೆ, ನಾವು ಮಾತ್ರ ನೆನೆದಿದ್ದೇವೆ. ಸರಕಿನ ಯಜಮಾನನಿಗೆ ಬರೆಯುವವನು ಇದಕ್ಕಿಂತ ಚೆನ್ನಾಗಿ ಬರೆಯುವುದು ಸಾಧ್ಯವಿಲ್ಲ. ಆದರೆ ಅವನು ಯಾವ ಹಡಗಿನಲ್ಲಿ ನೆನೆದ ಎಂಬುದು ಈಗ ಅವನಿಗೇ ಗೊತ್ತು.

ಊಟದ ಹೊತ್ತಿಗೆ ನಾಲ್ಕು ಹಾಳೆ ಜೋಡಿಯಾಗಿದ್ದವು. ಅವುಗಳಲ್ಲಿ ಎರಡರ ಬಗ್ಗೆ ಜಗಳವಿತ್ತು. ಸಿಂಧು ಬೇಸತ್ತು ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲಿ ಹುಳ ತಿಂದ ಒಂದು ತೂತಿತ್ತು, ಗೋಡಂಬಿಯ ಆಕಾರದ್ದು. ಆ ತೂತಿನಿಂದ ಅವಳು ಸಿದ್ರಾಮಪ್ಪನನ್ನು ನೋಡಿದಳು. ಸಿದ್ರಾಮಪ್ಪ ತನ್ನ ಕೈಯ ಹಾಳೆ ಓದುತ್ತಿದ್ದ. ಅದರಲ್ಲೂ ಒಂದು ಗೋಡಂಬಿ, ಅದೇ ಜಾಗದಲ್ಲಿ.

“ಅಂಕಲ್, ಒಂದ್ನಿಮಿಷ ಅದನ್ನ ಕೊಡಿ.”

ಎರಡನ್ನೂ ಒಂದರ ಮೇಲೊಂದು ಇಟ್ಟಳು. ತೂತಿನ ಮೇಲೆ ತೂತು ಕುಳಿತಿತು.

ಎಲ್ಲರಿಗೂ ಒಟ್ಟಿಗೆ ಹೊಳೆದಿತ್ತು. ಹುಳಕ್ಕೆ ಲಿಪಿ ಗೊತ್ತಿಲ್ಲ, ತಿಥಿ ಗೊತ್ತಿಲ್ಲ. ಅದು ರುಮಾಲಿನ ಒಂದು ಮೈಯಿಂದ ಹೊಕ್ಕು ಇನ್ನೊಂದು ಮೈಗೆ ಹಾಳೆ ಬಿಡದಂತೆ ಕೊರೆದುಕೊಂಡು ಹೋಗುತ್ತದೆ. ಹೋಗುತ್ತ ಹೋಗುತ್ತ ದಾರಿ ಸ್ವಲ್ಪ ಸ್ವಲ್ಪ ವಾಲುತ್ತದೆ, ತೂತು ದೊಡ್ಡದಾಗುತ್ತದೆ, ಸಣ್ಣದಾಗುತ್ತದೆ. ಯಾವ ಹಾಳೆಯ ಹಿಂದೆ ಯಾವುದು ಎಂಬುದನ್ನು ಅದು ಪ್ರತಿ ಹಾಳೆಯಲ್ಲೂ ನಮೂದಿಸಿಟ್ಟಿತ್ತು. ಸಿದ್ರಾಮಪ್ಪ ಮಾಡದ ಕೆಲಸವನ್ನು ಅವನ ಅನುಮತಿ ಕೇಳದೆ ಮಾಡಿ ಮುಗಿಸಿತ್ತು.

“ಬಾರ್‌ಕೋಡ್!” ಎಂದ ಅಶ್ವಿನ್.

“ಹುಳಾ,” ಎಂದು ಸಿದ್ರಾಮಪ್ಪ ತಿದ್ದಿದ. “ಇದರ ಸಲವಾಗಿ ನಾ ಎಷ್ಟು ಔಷಧ ಹೊಡದೇನಿ ಗೊತ್ತೇನು? ಪುಣ್ಯಾ, ಒಂದೂ ತಾಗಲಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅನ್ನಪೂರ್ಣಕ್ಕ ಕನ್ನಡಕ ತಂದು, ಮೊಣಕಾಲು ಮಡಚಲಾಗದೆ ಒಂದು ಮಣೆಯ ಮೇಲೆ ಕುಳಿತರು. ಸೀರೆಯ ಅಂಚು ಅಂಚಿಗೆ ಕೂಡಿಸಿ ಮಡಿಚುವ ಕೈ; ನಾವೆಲ್ಲ ಹಾಳೆಯನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡುವಷ್ಟರಲ್ಲಿ ಅವರು ಬೆರಳಿನಿಂದ ಸವರಿ ಇದು ಇತ್ತ, ಅದು ಅತ್ತ ಎಂದು ಸರಿಸುತ್ತಿದ್ದರು. ಒಂದೆರಡು ತಪ್ಪಿದವು ಕೂಡ. ತಪ್ಪಿದಾಗಲೆಲ್ಲ ಸಿದ್ರಾಮಪ್ಪ “ಅವ್ವಣ್ಣಾ, ಅದು ಆ ಸಾಲಿಂದಲ್ಲ ಅಂತ ಹೇಳು” ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಅವ್ವಣ್ಣನ ಹೆಸರು ಬಿಟ್ಟುಹೋಗಿ “ಅದು ಅಲ್ಲ, ಇದು ನೋಡು” ಎಂದಾಯಿತು. ಕೆಲಸದ ಗದ್ದಲದಲ್ಲಿ ಅದನ್ನು ಗಮನಿಸಿದವನು ಮಧ್ಯಸ್ಥಿಕೆಯ ಕೆಲಸ ಹೋದ ನಾನೊಬ್ಬನೇ.

ಭಾನುವಾರವೂ ಅದೇ. ಇಂದೂ ವಹಿನಿ ಅವಲಕ್ಕಿಯ ಪೋಹೆ ಮಾಡಿ ತಂದು, ಹೋಗಲು ಮನಸ್ಸಾಗದೆ ಕುಳಿತರು. ಒಂದೊಂದು ಗಂಟಿಗೂ ಅದರದೇ ಹುಳ, ಅದರದೇ ನಡೆ. ಅಶ್ವಿನ್ ಅವಕ್ಕೆ ಹೆಸರಿಟ್ಟ. ನೇರ ಹೋದದ್ದು ‘ಎಕ್ಸ್‌ಪ್ರೆಸ್‌ವೇ’, ಸುತ್ತಿ ಸುತ್ತಿ ಹೋದದ್ದು ‘ವರಂಧಾ ಘಾಟ್’. ಹೀಗೆ ಕಾಗದಗಳು ಗಂಟುಗಂಟಾಗಿ ಒಂದಾದವು. ಸಿದ್ರಾಮಪ್ಪ ಅಜ್ಜನ ಬಾಯಿಂದ ಕೇಳಿ ತಲೆಯಲ್ಲಿಟ್ಟುಕೊಂಡಿದ್ದ ಹಡಗುಗಳ ಲೆಕ್ಕಕ್ಕೂ ಸರಿಹೊಂದಿದವು. ಇದು ಕಾರವಾರದವನದು, ಇವನಿಗೆ ಯಾವಾಗಲೂ ಕೆಮ್ಮು. ಇದು ಎರಡು ಸಲ ನೆಲಕ್ಕೆ ಹತ್ತಿದ ಹಡಗು. ಹೆಸರು ಬರೆದ ಚೀಟಿಯನ್ನು ಸಿಂಧು ಪ್ರತಿ ಗಂಟಿನೊಳಗೆ ಸೇರಿಸಿದಳು. ಅವನು ನೋಡಿಯೂ ನೋಡದವನಂತೆ ಇದ್ದ.

ಕೊನೆಗೆ ಒಂದು ರಾಶಿ ಉಳಿಯಿತು. ಆ ಹಾಳೆಗಳಲ್ಲಿ ಒಂದು ತೂತೂ ಇರಲಿಲ್ಲ. ಹೊಸ ಕಾಗದದಂತೆ ನುಣ್ಣಗಿದ್ದವು.

ಸಿದ್ರಾಮಪ್ಪನ ಮುಖ ಇಳಿಯಿತು. ಅದು ಅವನ ಮೆಚ್ಚಿನ ರುಮಾಲು. ರಾಮಲಿಂಗಪ್ಪನ ಸ್ವಂತ ಹಡಗು, ಕುಮಟೆಯ ಧನಲಕ್ಷ್ಮಿಯದು. ವರ್ಷಾವರ್ಷ ಅದೊಂದಕ್ಕೆ ಮಾತ್ರ ಹೊಸ ಬಜೆಯ ಪುಡಿ, ಬೇವಿನೆಲೆ, ನುಸಿಗುಳಿಗೆ ಇಟ್ಟು ಕಾಪಾಡಿದ್ದ. ಕಾಪಾಡಿದ್ದರಿಂದ ಅದು ಉಳಿಯಿತು, ಉಳಿದದ್ದರಿಂದ ಕೆಟ್ಟಿತು. ಹುಳ ಮುಟ್ಟಿದ್ದೆಲ್ಲ ಕ್ರಮಕ್ಕೆ ಬಂದಿತ್ತು.

“ಈ ಒಂದು ಗಂಟಿನಾಗ ಹೆಂಗರೆ ಜೋಡಿಸಿಡ್ರಿ,” ಎಂದೆ ನಾನು. “ಯಾರಿಗೆ ಗೊತ್ತಾಗತದ?”

“ಗೊತ್ತಾಗೂದಿಲ್ಲ,” ಎಂದು ಅವನು ಒಪ್ಪಿದ. ಹಾಳೆಗಳನ್ನು ಅಂಚು ಸಮ ಮಾಡಿ ರುಮಾಲಿನಲ್ಲಿ ಕಟ್ಟಿದ.

ಸೋಮವಾರ ಮಂಜರಿ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ನೆಲದ ಮೇಲೆ ಕುಳಿತು ಮೊದಲ ರುಮಾಲು ಬಿಚ್ಚಿದಳು. ಅನ್ನಪೂರ್ಣಕ್ಕ ಅಡುಗೆಮನೆಯಿಂದ ಹೊರಬರಲಿಲ್ಲ. ಪಾತ್ರೆಗಳ ಸದ್ದೂ ಬರಲಿಲ್ಲ.

“ಬಟ್ಟಿ ಭಾಳ ಸ್ವಚ್ಛ ಅವರಿ,” ಎಂದಳು ಮಂಜರಿ. ನಾವೆಲ್ಲ ಬೇರೆ ಬೇರೆ ದಿಕ್ಕಿಗೆ ನೋಡಿದೆವು.

ಅವಳು ಹಾಳೆ ಹಾಳೆ ತಿರುಗಿಸಿದಳು. ಹುಳದ ದಾರಿಯ ಮೇಲೆ ಅವಳ ಬೆರಳೂ ಹೋಯಿತು. ಕೆಲಸ ಗೊತ್ತಿರುವವರ ಬೆರಳು ಅಲ್ಲಿಗೇ ಹೋಗುತ್ತದಂತೆ. ಒಂದು, ಎರಡು, ಐದು ರುಮಾಲು. ತಲೆಯಾಡಿಸಿದಳು. ಆಮೇಲೆ ಸಿದ್ರಾಮಪ್ಪ ತೊಡೆಯ ಮೇಲೆ ಇಟ್ಟುಕೊಂಡಿದ್ದ ಗಂಟಿಗೆ ಕೈ ಚಾಚಿ, ಬಿಚ್ಚಿ, ಹಾಳೆ ತಿರುವಿದಳು.

“ಆಹಾ. ಇದೇನ್ರಿ, ನಿನ್ನೆ ಬರದಂಗ ಅದ. ಇದೂ ಮೂಲ ಕ್ರಮದಾಗ ಅದ ಹೌದಲ್ರಿ?”

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಒಂದು ಶಬ್ದ. ಅವನ ನಾಲಗೆಯ ತುದಿಗೆ ಬಂದದ್ದನ್ನು ನಾನು ನೋಡಿದೆ. ಕಾತ್ರಜದ ಎರಡು ಕೋಣೆ, ಬಿಲ್ಡರನ ಲಾರಿ, ರದ್ದಿಯವನ ತಕ್ಕಡಿ, ಎಲ್ಲವೂ ಆ ಶಬ್ದದ ಆಚೆಗಿದ್ದವು.

“ಇಲ್ರಿ ಬಾಯಾರ,” ಎಂದ ಸಿದ್ರಾಮಪ್ಪ. “ಇದು ಕಲಸಿ ಹೋಗೇದ. ಎಲ್ಲಾನೂ ಕಲಸಿದ್ವು. ಉಳಿದವು ಹುಳದ ತೂತಿನ ಮ್ಯಾಲೆ ಕೂಡಿಸೇವಿ. ಇದಕ್ಕ ತೂತಿಲ್ಲ. ತಪ್ಪು ನಂದು. ಒಂದು ಅಂಕಿ ಹಾಕ್ರಿ ಅಂತ ಎಲ್ಲಾರೂ ಹೇಳಿದ್ರು, ನಾ ಹಾಕಗೊಡಲಿಲ್ಲ.”

“ಅವರದೇನ್ ತಪ್ಪು?” ಅಡುಗೆಮನೆಯಿಂದ ದನಿ ಬಂತು, ಹಿಂದೆಯೇ ಅನ್ನಪೂರ್ಣಕ್ಕ. “ತೊಳದಾಕಿ ನಾನು. ರುಮಾಲೆಲ್ಲಾ ತೊಳದೆ. ಮಳಿ ಬಂತು, ಬಟ್ಟಿ ತರಾಕ ಓಡಿದೆ.”

“ನೀ ಸುಮ್ನಿರು.”

“ಯಾಕ ಸುಮ್ನಿರಲಿ? ಮಾಡಿದ್ದು ನಾನು, ಹೇಳಿಸಿಕೊಳ್ಳೂದು ನೀವು?”

ಮಂಜರಿ ಇಬ್ಬರನ್ನೂ ನೋಡಿದಳು. ಆಮೇಲೆ ಮೊದಲ ರುಮಾಲನ್ನು ಮತ್ತೆ ಬಿಚ್ಚಿ, ನಡುವಿನಿಂದ ಕೆಲವು ಹಾಳೆಗಳನ್ನು ತೆಗೆದು ಬೆಳಕಿಗೆ ಹಿಡಿದಳು. ಒಂದರ ಹಿಂದೆ ಒಂದು ಸರಿಸಿದಳು. ಬಹಳ ಹೊತ್ತು ನೋಡಿದಳು. ಸಿಂಧು ಉಗುರು ಕಚ್ಚುತ್ತಿದ್ದಳು.

“ನಮ್ಮಲ್ಲಿ ಬರೋರೆಲ್ಲಾ ಕ್ರಮ ಹಂಗ ಅದ ಅಂತ ಹೇಳ್ತಾರ್ರಿ,” ಎಂದಳು ಕೊನೆಗೆ. “ಇವು ಸೈ ಅವ ಅಂತ ಸಮಿತಿಗೆ ತೋರಿಸಾಕ ನನಗ ಸಾಕ್ಷಿ ಅದ, ಹುಳಾ ಸಹಿ ಮಾಡೇದ. ಈ ಒಂದನ್ನ ಕಲಸಿದ್ದು ಅಂತನ ಬರದು ತೊಗೊಳ್ಳೂಣು. ನೀವು ಸುಳ್ಳು ಹೇಳಿದ್ರ ಎಲ್ಲಾ ಬಿಟ್ಟು ಹೋಗತಿದ್ದೆ. ಈ ಗಂಟಿನಾಗ ಚೈತ್ರದ ಹಾಳಿ ಹಿಂದ ಮಾಘದ್ದು, ಅದರ ಹಿಂದ ಕಾರ್ತೀಕದ್ದು, ತಿಥಿ ಹಿಂದಮುಂದ ಆಗ್ಯಾವ. ಅದಂತೂ ಕಣ್ಣಿಗೆ ಕಾಣಸ್ತದಲ್ರಿ.”

ಸಿದ್ರಾಮಪ್ಪ ಧೋತರದ ಅಂಚಿನಿಂದ ಕನ್ನಡಕ ಒರೆಸಿದ. ಒರೆಸಬೇಕಾದ್ದು ಕನ್ನಡಕವಾಗಿರಲಿಲ್ಲ.

ಮಂಜರಿ ಚೀಲದಿಂದ ವಿವರಪತ್ರ ತೆಗೆದಳು. ಸಂಗ್ರಹದ ಹೆಸರು, ಮನೆತನ, ಕಾಲ. “ಇಲ್ಲೆ ಒಂದು ಸಾಲು ಅದ. ಜೋಡಿಸಿದವರು ಯಾರು? ಮುಂದ ಬರೋರಿಗೆ ಗೊತ್ತಿರಬೇಕು.”

“ಸಿಂಧು ಅಂತ ಬರೀರಿ,” ಎಂದ ಸಿದ್ರಾಮಪ್ಪ. “ಅಶ್ವಿನ್. ಕೆಳಗಿನ ಮನಿ ಇಂದೂ ವಹಿನಿ. ಈ ಅವ್ವಣ್ಣ, ಭಾಳೇನೂ ಮಾಡಿಲ್ಲ, ಆದ್ರೂ ಬರೀರಿ.” ತಡೆದು, “ಮತ್ತ, ಹುಳಾ ಅಂತ ಬರಿಯಾಕ ಬರತದೇನ್ರಿ?”

“ಬರದ್ರಾತು. ಇದ್ದದ್ದ ಅಲ್ಲಾ?”

“ಹಂಗಾರ ಅವರೆಲ್ಲಾರ ಮ್ಯಾಲೆ, ಮೊದಲನೇ ಹೆಸರು, ಅನ್ನಪೂರ್ಣಾ ಅಂತ ಹಾಕ್ರಿ.”

“ನನ್ನ ಹೆಸರು ಯಾಕ್ರಿ? ಕೆಡಿಸಿದಾಕಿ ನಾನು,” ಎಂದರು ಅನ್ನಪೂರ್ಣಕ್ಕ.

“ಯಾವ ಹಾಳಿ ಯಾವುದರ ಹಿಂದ ಅದ ಅಂತ ನಾ ಇಷ್ಟು ವರ್ಷ ಬಿಚ್ಚಿ ನೋಡಿರಲಿಲ್ಲ. ಕಟ್ಟಿಟ್ಟಿದ್ದೆ ಅಷ್ಟ. ನಿನ್ನಿಂದ ನೋಡಿದೆ.” ಇದನ್ನು ಅವನು ನೆಲಕ್ಕೆ ಹೇಳಿದ. ಅವರ ಕಡೆಯ ಗಂಡಸರು ಹೆಂಡತಿಗೆ ಉಪಕಾರ ಸ್ಮರಿಸುವುದು ಹೀಗೆಯೇ, ನೆಲವನ್ನು ಮಧ್ಯಸ್ಥ ಮಾಡಿಕೊಂಡು. ನನಗೆ ಅದಕ್ಕಿಂತ ಹೆಚ್ಚಿನದನ್ನು ಕೇಳಿದ ನೆನಪಿಲ್ಲ, ಬೇಕೆಂದೂ ಅನ್ನಿಸಲಿಲ್ಲ.

ಅನ್ನಪೂರ್ಣಕ್ಕ ಒಳಗೆ ಹೋದರು. ತಡವಾಗಿ, ಎಲ್ಲರಿಗೂ ಚಹಾ ತಂದರು. ಸಿದ್ರಾಮಪ್ಪ ಒಂದು ಗುಟುಕು ಕುಡಿದು, ಹೆಂಡತಿಯ ಮುಖ ನೋಡಿಯೇ ಹೇಳಿದ: “ಚಾ ಛಲೋ ಆಗೇದ.”

“ಸಕ್ರಿ ಹಾಕೂದು ಮರತೇನ್ರಿ,” ಎಂದರು ಅವರು.

“ಹೌದೇನು?” ಎಂದ ಸಿದ್ರಾಮಪ್ಪ, ಇನ್ನೊಂದು ಗುಟುಕು ಕುಡಿದ.